ಮೀಸೆಗೆ ಮಣ್ಣಾದ ಮೇಲೆ: ಇಂಜಿನಿಯರಿಂಗ್ ಸ್ಪರ್ಧೆಯಲ್ಲಿ ಸೋತವರು ಮೊದಲ ತಿಂಗಳು ಏನು ಮಾಡಬೇಕು

ಕಾಲೇಜಿನಲ್ಲಿ ನಾವೇ ಕಟ್ಟಿದ ನಮ್ಮ ಗಾಡಿ ಸ್ಪರ್ಧೆಯ ಟ್ರ್ಯಾಕಿನಲ್ಲಿ ಒಂದು ಸುತ್ತೂ ಓಡಲಿಲ್ಲ. ಹತ್ತು ತಿಂಗಳ ಕೆಲಸ, 22 ಜನರ ತಂಡ, ಮನೆಯವರನ್ನು ಕಾಡಿ ಬೇಡಿ ತಂದ ದುಡ್ಡು, ಪುಣೆಯಿಂದ ಟೆಂಪೋದಲ್ಲಿ ಹಗ್ಗ ಬಿಗಿದು ಸಾಗಿಸಿದ ಪಾಡು, ಎಲ್ಲ ಬಂದು ನಿಂತದ್ದು ಬ್ರೇಕ್ ಟೆಸ್ಟ್ ಮಾಡುವ ಒಂದು ಸಣ್ಣ ಪಟ್ಟಿಯ ಮೇಲೆ. ರೇಸ್ ಶುರುವಾದಾಗ ನಾವು ಬೇಲಿಯ ಈಚೆ ನಿಂತು ಬೇರೆ ಕಾಲೇಜಿನವರ ಗಾಡಿಗಳು ಧೂಳೆಬ್ಬಿಸುವುದನ್ನು ನೋಡಿದೆವು. ನಾಲ್ಕು ಗಂಟೆಯ ರೇಸ್ ಅದು. ಪೂರ್ತಿ ನಾಲ್ಕು ಗಂಟೆ ನೋಡಿದೆವು.

ಇದಾಗಿ ಕೆಲವು ವರ್ಷಗಳಾದವು. ನಾನೀಗ ಪಿಂಪ್ರಿ-ಚಿಂಚ್‌ವಡ್ ಕಡೆ ಕೆಲಸಕ್ಕಿದ್ದೇನೆ. ಸ್ಪರ್ಧೆಗಳ ಸೀಸನ್ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಯಾರಾದರೂ ಒಬ್ಬರು ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡುತ್ತಾರೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಮಕ್ಕಳು ಪುಣೆಯಲ್ಲಿ ಓದೋದು ಜಾಸ್ತಿ. ಇಡೀ ದಿನ ಟೀಮಿನಲ್ಲಿ ಮರಾಠಿ, ಹಿಂದಿ ಮಾತಾಡಿಕೊಂಡು ಗಟ್ಟಿಯಾಗೇ ಇರುತ್ತಾರೆ, ಅಳು ಬಂದಾಗ ಮಾತ್ರ ಕನ್ನಡದವರು ಬೇಕು. "ಅಣ್ಣಾ, ನಾ ಇಂಜಿನಿಯರಿಂಗಿಗೇ ಲಾಯಕ್ ಇಲ್ಲ ಅನಸ್ತದ" ಅಂತ ಶುರುವಾಗುತ್ತದೆ. ಅದೇ ಉತ್ತರವನ್ನು ಎಷ್ಟು ಸಲ ಫೋನಿನಲ್ಲಿ ಹೇಳೋದು, ಬರೆದಿಟ್ಟರೆ ವಾಸಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಗಾಡಿಯ ಬದಲು ರೋಬೋ, ಡ್ರೋನ್ ಅಥವಾ ಹ್ಯಾಕಥಾನ್ ಆಗಿದ್ದರೂ ಹೆಜ್ಜೆಗಳು ಇವೇ.

ಸೋಲೇ ಗೆಲುವಿನ ಮೆಟ್ಟಿಲು ಅನ್ನುವ ಮಾತು ನನ್ನ ಹತ್ತಿರ ಸಿಗುವುದಿಲ್ಲ. ಸೋತರೆ ಆತ್ಮವಿಶ್ವಾಸ ತಾನಾಗಿ ಬರುತ್ತದೆ ಅನ್ನೋದೂ ಸುಳ್ಳು. ಸುಮ್ನೆ ಬಿಟ್ಟರೆ ಇರೋದೂ ಹೋಗುತ್ತದೆ. ಸೋತ ಮೇಲೆ ಮಾಡುವ ಕೆಲವು ಕೆಲಸಗಳಿಂದ ಮಾತ್ರ ಅದು ಬರುತ್ತದೆ, ಅದೂ ಹೆಚ್ಚಾಗಿ ಬೋರು ಹೊಡೆಸುವ ಕೆಲಸಗಳಿಂದ.

ಮೊದಲು, ನಡೆದದ್ದು ಏನು

ಬಾಹಾ ಅಂತ ಕೇಳಿರುತ್ತೀರಿ. ಕಾಲೇಜು ಮಕ್ಕಳು ಒಂದು ಸೀಟಿನ ಎಟಿವಿಯನ್ನು, ಅಂದರೆ ಎಂಥ ನೆಲದಲ್ಲೂ ಓಡುವ ಗಾಡಿಯನ್ನು, ತಾವೇ ವಿನ್ಯಾಸ ಮಾಡಿ, ಪೈಪ್ ಬಗ್ಗಿಸಿ, ವೆಲ್ಡ್ ಮಾಡಿ, ಕಲ್ಲು ಮಣ್ಣಿನ ದಾರಿಯಲ್ಲಿ ಓಡಿಸುವ ಸ್ಪರ್ಧೆ. ಅಮೆರಿಕದಲ್ಲಿ 1976ರಲ್ಲಿ ಶುರುವಾಯಿತು, ಭಾರತಕ್ಕೆ 2007ರಲ್ಲಿ ಬಂತು. ನಾವು ಹೋಗಿದ್ದು ಅದೇ ಮಾದರಿಯ ಒಂದು ಸ್ಪರ್ಧೆಗೆ. ಇಂಜಿನ್ ಎಲ್ಲರಿಗೂ ಒಂದೇ, ಸುಮಾರು 10 ಅಶ್ವಶಕ್ತಿಯದು. ಹಾಗಾಗಿ ವೇಗಕ್ಕಿಂತ ಗಾಡಿ ಮುರಿಯದೆ ಉಳಿಯೋದು ಮುಖ್ಯ. ರೇಸಿಗೆ ಬಿಡುವ ಮೊದಲು ತಾಂತ್ರಿಕ ತಪಾಸಣೆ ಇರುತ್ತದೆ. ಚಾಲಕ ಬೆಲ್ಟ್ ಬಿಚ್ಚಿಕೊಂಡು ಐದು ಸೆಕೆಂಡಿನಲ್ಲಿ ಹೊರಗೆ ಬರಬೇಕು, ಕಿಲ್ ಸ್ವಿಚ್ ಒತ್ತಿದ ತಕ್ಷಣ ಇಂಜಿನ್ ಸಾಯಬೇಕು, ಹೀಗೆ. ಕೊನೆಗೆ ಬ್ರೇಕ್ ಟೆಸ್ಟ್: ಗಾಡಿ ವೇಗ ಹಿಡಿದು ಬಂದು ಬ್ರೇಕ್ ತುಳಿದಾಗ ನಾಲ್ಕೂ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರಬೇಕು. ಮೂರು ನಿಂತರೆ ಸಾಲದು.

ನಮ್ಮ ಗಾಡಿಯಲ್ಲಿ ಮುಂದಿನ ಎರಡು ನಿಂತವು. ಹಿಂದಿನವು ತಿರುಗುತ್ತಲೇ ಇದ್ದವು. ಬ್ರೇಕ್ ಪೆಡಲ್ ಸ್ಪಂಜು ತುಳಿದ ಹಾಗಿತ್ತು. ಬ್ಲೀಡಿಂಗ್ ಮಾಡಿದೆವು, ಅಂದರೆ ಕ್ಯಾಲಿಪರಿನ (ಚಕ್ರದ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ನಿಪ್ಪಲ್ ಸಡಿಲಿಸಿ ಪೈಪಿನಲ್ಲಿರುವ ಗಾಳಿಯನ್ನು ಎಣ್ಣೆಯ ಜೊತೆ ಹೊರಗೆ ಬಿಟ್ಟೆವು. ಗುಳ್ಳೆ ಬರೋದು ನಿಂತಿತು. ಮತ್ತೆ ಹೋದೆವು, ಮತ್ತೆ ಅದೇ. ಐದು ಸಲ ಹೋದೆವು. ಐದನೇ ಸಲ ಸಮಯ ಮುಗಿಯಿತು.

ಬ್ರೇಕ್ ವಿಭಾಗ ನೋಡಿಕೊಂಡವನು ನಾನೇ.

ಮೊದಲ ರಾತ್ರಿ: ಊಟ ಮಾಡಿ, ಬಾಯಿ ಮುಚ್ಚಿಕೊಂಡಿರಿ

ಒರಟಾಗಿ ಕೇಳಿಸುತ್ತದೆ, ಆದರೂ ಹೇಳುತ್ತೇನೆ. ಮೊದಲ 24 ಗಂಟೆಯಲ್ಲಿ ಆಡುವ ಮಾತು ಸ್ನೇಹವನ್ನು ಮುರಿಯುತ್ತದೆ, ಗಾಡಿಯನ್ನು ರಿಪೇರಿ ಮಾಡುವುದಿಲ್ಲ. ನಾನು ಆ ದಿನ ಸಂಜೆ ಎರಡನೇ ವರ್ಷದ ಒಬ್ಬ ಹುಡುಗನಿಗೆ ಎಲ್ಲರೆದುರು ಬೈದೆ. ಬ್ಲೀಡಿಂಗ್ ಸರಿಯಾಗಿ ಮಾಡಲಿಲ್ಲ ಅಂತ. ಅವನು ಏನೂ ಮಾತಾಡದೆ ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿದ. ಬಾಟಲಿಯಲ್ಲಿ ಉಳಿದಿದ್ದ ಬ್ರೇಕ್ ಎಣ್ಣೆ ಅವನ ಶೂ ಮೇಲೆ ಚೆಲ್ಲಿತ್ತು, ಅದನ್ನೂ ಒರೆಸಿಕೊಳ್ಳಲಿಲ್ಲ. ತಪ್ಪು ಅವನದಲ್ಲ ಅಂತ ಹತ್ತು ದಿನ ಬಿಟ್ಟು ಗೊತ್ತಾಯಿತು. ಕ್ಷಮೆ ಕೇಳಿದೆ. ಆದರೂ ಆ ಶೂ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ರಾತ್ರಿ ಇನ್ನೊಂದು ಕೆಲಸವನ್ನೂ ಮಾಡಿದೆವು, ನೀವು ಮಾಡಬೇಡಿ. ನೆಪ ಹುಡುಕಿದೆವು. ಬ್ರೇಕ್ ಟೆಸ್ಟಿನ ಜಾಗದಲ್ಲಿ ಮರಳು ಬಿದ್ದಿತ್ತು, ನೆಲ ಸರಿ ಇರಲಿಲ್ಲ, ಅದಕ್ಕೇ ಚಕ್ರ ಲಾಕ್ ಆಗಲಿಲ್ಲ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆಗೆ ಇಷ್ಟು ಚೆಂದದ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ. ಯಾಕೆಂದರೆ ಮರಳಿದ್ದರೆ ಹಿಡಿತ ಕಡಿಮೆ, ಹಿಡಿತ ಕಡಿಮೆ ಇದ್ದರೆ ಚಕ್ರ ಇನ್ನೂ ಸುಲಭವಾಗಿ ಲಾಕ್ ಆಗಬೇಕು! ಮೂರನೇ ವರ್ಷದ ಮೆಕ್ಯಾನಿಕಲ್ ಓದುವ ಅಷ್ಟೂ ಜನರಲ್ಲಿ ಒಬ್ಬರಿಗೂ ಅದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಸೋತ ದಿನ ತಲೆ ಹೀಗೇ ಓಡೋದು. ಅದಕ್ಕೇ ಆ ದಿನ ಯಾವ ತೀರ್ಮಾನವೂ ಬೇಡ. ಟೀಮ್ ಬಿಡುತ್ತೇನೆ ಅನ್ನುವ ಮೆಸೇಜ್ ಬೇಡ, ಸ್ಟೇಟಸ್ ಬೇಡ, ಗ್ರೂಪಿನಲ್ಲಿ ಉದ್ದುದ್ದ ವಿವರಣೆಯೂ ಬೇಡ. ಊಟ ಮಾಡಿ ಮಲಗಿ.

ಕೆಟ್ಟ ಭಾಗವನ್ನು ಮುಟ್ಟಬೇಡಿ

ವಾಪಸ್ ಬಂದ ಕೂಡಲೇ ಎಲ್ಲರಿಗೂ ಗಾಡಿ ಬಿಚ್ಚುವ ಆಸೆ. ಕಣ್ಣೆದುರು ಇರಬಾರದು ಅಂತಲೋ ಏನೋ. ಅಥವಾ ಜೂನಿಯರ್‌ಗಳಿಗೆ ಮುಂದಿನ ವರ್ಷಕ್ಕೆ ಪಾರ್ಟ್ಸ್ ಬೇಕಿರುತ್ತದೆ. ತಡೆಯಿರಿ. ಕೆಟ್ಟದ್ದು ಯಾವುದೋ ಅದು ಕೆಟ್ಟ ಸ್ಥಿತಿಯಲ್ಲೇ ಇರಲಿ. ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಟೇಪ್ ಅಂಟಿಸಿ "ಮುಟ್ಟಬೇಡಿ" ಅಂತ ಬರೆಯಿರಿ. ರೋಬೋ ಆದರೆ ಸುಟ್ಟ ಮೋಟಾರ್ ಡ್ರೈವರ್ ಬೋರ್ಡನ್ನು ಕಸದ ಬುಟ್ಟಿಗೆ ಹಾಕಿ ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬುಧವಾರ ಪೇಟೆಗೆ ಹೊಸದು ತರೋಕೆ ಓಡಬೇಡಿ. ಕೋಡ್ ಆದರೆ ಆ ದಿನ ಓಡಿದ ಆವೃತ್ತಿಯನ್ನು ಹಾಗೇ ಒಂದು ಕಡೆ ಉಳಿಸಿ.

ಮುರಿದ ಪಾರ್ಟ್ ಸುಳ್ಳು ಹೇಳುವುದಿಲ್ಲ, ನಾವು ಹೇಳುತ್ತೇವೆ. ನಮ್ಮ ಗಾಡಿಯನ್ನೂ ಮಾರನೇ ದಿನವೇ ಬಿಚ್ಚುವವರಿದ್ದರು. ಪರೀಕ್ಷೆ ಹತ್ತಿರ ಇತ್ತು, ಯಾರಿಗೂ ಪುರುಸೊತ್ತಿರಲಿಲ್ಲ, ಅದರಿಂದ ಉಳಿಯಿತು. ಅದೊಂದು ಅದೃಷ್ಟ.

ಎರಡು ದಿನದೊಳಗೆ, ಒಬ್ಬೊಬ್ಬರೇ ಕೂತು ಬರೆಯಿರಿ

ಮೀಟಿಂಗ್ ಮಾಡುವ ಮೊದಲು ಬರೆಯಬೇಕು, ಇದು ಮುಖ್ಯ. ಒಂದು ಸಲ ಎಲ್ಲರೂ ಕೂತು ಮಾತಾಡಿದರೆ ಜೋರಾಗಿ ಮಾತಾಡಿದವನ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಒಂದು ಹಾಳೆ ತೆಗೆದುಕೊಂಡು ಕೊನೆಯ ಮೂರು ವಾರ ನೀವು ಏನು ಮಾಡಿದಿರಿ, ಏನು ನೋಡಿದಿರಿ ಅಂತ ದಿನ, ಗಂಟೆ ಹಾಕಿ ಬರೆಯಿರಿ. "ಯಾಕೆಂದರೆ" ಅನ್ನುವ ಪದ ಬಳಸಬೇಡಿ. "ರಾತ್ರಿ 2ಕ್ಕೆ ಹಿಂದಿನ ಕ್ಯಾಲಿಪರ್ ಕೂರಿಸಿದೆ. ಬೆಳಕು ಕಡಿಮೆ ಇತ್ತು. ಬೋಲ್ಟ್ ಸರಿಯಾಗಿ ಕೂತಿತು." ಇಷ್ಟೇ. ನಾನು ಬರೆದದ್ದು ಈ ಮೂರು ವಾಕ್ಯವನ್ನೇ, ಅದರಲ್ಲೇ ಉತ್ತರ ಇತ್ತು, ನನಗೆ ಕಾಣಲಿಲ್ಲ.

ಕನ್ನಡದಲ್ಲೇ ಬರೆಯಿರಿ, ಯಾರಿಗೂ ತೋರಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬರೆಯೋಕೆ ಹೋದರೆ ನಾವು ರಿಪೋರ್ಟ್ ಬರೆಯುತ್ತೇವೆ, ನಡೆದದ್ದನ್ನು ಬರೆಯುವುದಿಲ್ಲ.

ಯಾಕೆ ಅಂತ ಐದು ಸಲ ಕೇಳಿ, ಯಾರು ಅಂತ ಒಂದು ಸಲವೂ ಕೇಳಬೇಡಿ

ಐದು ಯಾಕೆಗಳ ಪದ್ಧತಿ ಟೊಯೊಟಾ ಕಾರ್ಖಾನೆಗಳಲ್ಲಿ ಬೆಳೆದದ್ದು. ತೈಚಿ ಓನೋ ಅನ್ನುವ ಇಂಜಿನಿಯರ್ ಇದನ್ನು ಎಲ್ಲ ಕಡೆ ಹಬ್ಬಿಸಿದರು. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯಾರಾದರೂ ಪರಿಚಯ ಇದ್ದರೆ ಕೇಳಿ, ವಿವರವಾಗಿ ಹೇಳುತ್ತಾರೆ. ವಿಷಯ ಸರಳ: ಒಂದು ತೊಂದರೆ ಬಂದರೆ ಯಾಕೆ ಅಂತ ಕೇಳಿ. ಬಂದ ಉತ್ತರಕ್ಕೂ ಯಾಕೆ ಅಂತ ಕೇಳಿ. ಹೀಗೆ ಇಳಿಯುತ್ತಾ ಹೋಗಿ. ಐದೇ ಆಗಬೇಕು ಅಂತಿಲ್ಲ, ನಾಲ್ಕಕ್ಕೂ ಸಿಗಬಹುದು, ಏಳಕ್ಕೂ ಸಿಗಬಹುದು.

ನಾನು ಸೇರಿಸುವ ನಿಯಮ ಒಂದೇ. ಉತ್ತರವಾಗಿ ಮನುಷ್ಯರ ಹೆಸರು ಬಂದರೆ ಆ ಉತ್ತರ ಇನ್ನೂ ಅರ್ಧ, ಮತ್ತೊಮ್ಮೆ ಕೇಳಿ.

ನಮ್ಮದು ಎರಡನೇ ಯಾಕೆಗೇ ನಿಂತುಹೋಗಿತ್ತು. ಹಿಂದಿನ ಚಕ್ರ ಲಾಕ್ ಆಗಲಿಲ್ಲ, ಯಾಕೆ? ಒತ್ತಡ ಸಾಲಲಿಲ್ಲ. ಯಾಕೆ? ಪೈಪಿನಲ್ಲಿ ಗಾಳಿ ಇತ್ತು. ಆದರೆ ಗಾಳಿ ತೆಗೆದಿದ್ದೆವಲ್ಲ, ಗುಳ್ಳೆ ಬರೋದು ನಿಂತಿತ್ತಲ್ಲ? ಮುಂದೆ ದಾರಿ ಕಾಣಲಿಲ್ಲ. ಪೆಡಲ್ ತುಳಿದಾಗ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರೇ ಕೆಟ್ಟಿರಬೇಕು ಅಂತ ಒಂದು ವಾರ ವಾದ ಮಾಡಿದೆವು.

ಕೊನೆಗೆ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಹಿಂದೆ ಒಂದು ಬೈಕ್ ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಇಂಡಿ ಕಡೆಯವರು, ಪುಣೆಗೆ ಬಂದು ಇಪ್ಪತ್ತು ವರ್ಷ ಆಗಿದೆ, ಮಾತು ಮಾತ್ರ ಇನ್ನೂ ಇಂಡಿಯದೇ. ನಾವು ಬಳಸಿದ್ದು ಬೈಕಿನ ಕ್ಯಾಲಿಪರ್, ಹಾಗಾಗಿ ಅವರಿಗೆ ಫೋಟೋ ತೋರಿಸಿದೆ. ಅವರು ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡರು. ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿದರು. ಆಮೇಲೆ ನನ್ನ ಮುಖ ನೋಡಿದರು.

"ಗಾಳಿ ಮ್ಯಾಲ ಹೋಗ್ತದೋ ಕೆಳಗ ಹೋಗ್ತದೋ?"

"ಮೇಲೆ."

"ಮತ್ತ ನಿಪ್ಪಲ್ ಯಾಕ ಕೆಳಗ ಮಾಡಿ ಕೂಡಿಸೀಯೋ ಮಾರಾಯ?"

ಅಷ್ಟೇ. ಹಿಂದಿನ ಎರಡು ಕ್ಯಾಲಿಪರ್‌ಗಳನ್ನು ನಾನು ಅದಲು ಬದಲು ಮಾಡಿ ಹಾಕಿದ್ದೆ, ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ಬೋಲ್ಟಿನ ತೂತು ಎರಡೂ ಕಡೆ ಒಂದೇ ಅಳತೆ, ಆದ್ದರಿಂದ ಚೆನ್ನಾಗೇ ಕೂತವು. ಆದರೆ ಹಾಗೆ ಹಾಕಿದರೆ ಗಾಳಿ ಬಿಡುವ ನಿಪ್ಪಲ್ ಕೆಳಗಡೆ ಬರುತ್ತದೆ. ಗಾಳಿ ಕ್ಯಾಲಿಪರಿನ ಮೇಲ್ಭಾಗದಲ್ಲಿ ಆರಾಮಾಗಿ ಕೂತಿರುತ್ತದೆ, ಕೆಳಗಿನಿಂದ ಬರೀ ಎಣ್ಣೆ ಬರುತ್ತದೆ. ಗುಳ್ಳೆ ಕಾಣದ ಕಾರಣ ನಾವು ಗಾಳಿ ಹೋಯಿತು ಅಂದುಕೊಂಡೆವು. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಅನ್ನಬಹುದು, ಗಾಳಿ ಕುಗ್ಗುತ್ತದೆ. ಪೆಡಲ್ ಒತ್ತಿದ ಬಲವೆಲ್ಲ ಆ ಗಾಳಿಯನ್ನು ಕುಗ್ಗಿಸೋಕೇ ಖರ್ಚಾಗುತ್ತಿತ್ತು. ಆ ಎರಡನೇ ವರ್ಷದ ಹುಡುಗ ಐದಲ್ಲ, ಐವತ್ತು ಸಲ ಬ್ಲೀಡಿಂಗ್ ಮಾಡಿದ್ದರೂ ಆಗುತ್ತಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಉತ್ತರ "ನಾನು" ಅಂತ ಆಗುತ್ತಿತ್ತು, ಮತ್ತು ನಾನು ಇನ್ನೊಂದು ವರ್ಷ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದೆ. ಮುಂದಕ್ಕೆ ಕೇಳಿದೆವು. ಯಾಕೆ ಅದಲು ಬದಲಾಯಿತು? ಟೆಂಪೋ ಹೊರಡುವ ಹಿಂದಿನ ರಾತ್ರಿ ಎರಡಕ್ಕೆ ಜೋಡಿಸಿದ್ದು, ಎರಡು ಕ್ಯಾಲಿಪರ್‌ಗೂ ಗುರುತು ಹಾಕಿರಲಿಲ್ಲ. ಯಾಕೆ ಕೊನೆಯ ರಾತ್ರಿ? ಅದನ್ನು ಹಿಡಿಯುವ ಭಾಗಗಳು ಅಂದೇ ಸಂಜೆ ಮಷಿನ್ ಶಾಪಿನಿಂದ ಬಂದವು. ಯಾಕೆ? ಡ್ರಾಯಿಂಗ್ ಕೊಟ್ಟಿದ್ದೇ ಮೂರು ವಾರ ತಡ. ಯಾಕೆ? ಈ ತಾರೀಖಿನ ಮೇಲೆ ಡ್ರಾಯಿಂಗ್ ಬದಲಿಸೋ ಹಾಗಿಲ್ಲ ಅನ್ನುವ ದಿನವನ್ನೇ ನಾವು ಇಟ್ಟುಕೊಂಡಿರಲಿಲ್ಲ, ಪ್ರತಿ ವಾರ ಯಾರೋ ಒಬ್ಬರು ಇನ್ನೂ ಹಗುರ ಮಾಡೋಣ ಅಂತ ತಿದ್ದುತ್ತಿದ್ದರು.

ಮುಂದಿನ ಸೋಮವಾರ ನೀವು ಬದಲಿಸಬಹುದಾದ ಒಂದು ಸಂಗತಿ ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಿ. ನಮಗೆ ಎರಡು ಸಿಕ್ಕವು: ಕ್ಯಾಲಿಪರ್ ಮೇಲೆ ಗುರುತು ಹಾಕೋದು, ಡ್ರಾಯಿಂಗಿಗೆ ಕೊನೆಯ ದಿನ ಇಡೋದು.

ನಮ್ಮ ಕೈಯಲ್ಲಿ ಇಲ್ಲದ್ದನ್ನು ಬೇರೆ ಇಡಿ

ಮಳೆ ಬಂತು, ಟೆಂಪೋ ಕೆಟ್ಟಿತು, ಪರೀಕ್ಷೆ ಅದೇ ವಾರಕ್ಕೆ ಬಂತು. ಇವು ನಿಜವಾಗಿಯೂ ಇರುತ್ತವೆ. ಒಂದು ಹಾಳೆಯಲ್ಲಿ ಬರೆದು ಬದಿಗಿಡಿ. ಹೆಚ್ಚು ಹೊತ್ತು ಬೇಡ, ಹತ್ತು ನಿಮಿಷ ಸಾಕು.

ಸೋತ ಪರೀಕ್ಷೆಯನ್ನೇ ಇನ್ನೊಂದು ಸಲ ಬರೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಸ್ಪರ್ಧೆ ಮುಗಿದಿದೆ, ಅಂಕ ಸಿಗೋದಿಲ್ಲ, ಯಾರೂ ನೋಡೋದಿಲ್ಲ. ಆದರೂ ಅದೇ ಗಾಡಿಯನ್ನು ಅದೇ ತಪ್ಪು ಸರಿಮಾಡಿ ಅದೇ ಟೆಸ್ಟಿಗೆ ಒಡ್ಡಿ.

ಬಹಳ ಜನ ಇದನ್ನು ಬಿಡುತ್ತಾರೆ. ಕಾರಣ ಗೊತ್ತಾಯಿತಲ್ಲ ಸಾಕು ಅನ್ನುತ್ತಾರೆ. ಸಾಲದು. ಕಾರಣ ಗೊತ್ತಿರೋದು ತಲೆಗೆ ಸಮಾಧಾನ, ಕೈಗೆ ಸಮಾಧಾನ ಬೇರೆ. ಆಲ್ಬರ್ಟ್ ಬಂಡೂರಾ ಅನ್ನುವ ಮನಶ್ಶಾಸ್ತ್ರಜ್ಞ 1977ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. "ಈ ಕೆಲಸ ನನ್ನಿಂದ ಆಗುತ್ತದೆ" ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಅಂತ ಅವರ ವಾದ. ನಾವೇ ಮಾಡಿ ಸಾಧಿಸಿದ್ದು, ನಮ್ಮಂಥವರು ಮಾಡಿದ್ದನ್ನು ನೋಡಿದ್ದು, ಬೇರೆಯವರು ಹುರಿದುಂಬಿಸಿದ್ದು, ಆ ಹೊತ್ತಿಗೆ ನಮ್ಮ ಮೈ ಮನಸ್ಸು ಹೇಗಿತ್ತು ಅನ್ನೋದು. ಇದರಲ್ಲಿ ಮೊದಲನೆಯದರ ಬಲವೇ ಹೆಚ್ಚು. ಸೋತ ಮಕ್ಕಳಿಗೆ ನಾವೆಲ್ಲ ಕೊಡೋದು ಮೂರನೆಯದು, ಬೆನ್ನು ತಟ್ಟೋದು. ಅದು ಎರಡು ದಿನ ಬರುತ್ತದೆ.

ನಾವು ಒಂದು ಭಾನುವಾರ ಬೆಳಿಗ್ಗೆ ಸೇರಿದೆವು. ಕಾಲೇಜಿನ ಹಿಂದಿನ ಪಾರ್ಕಿಂಗ್, ಕಾಂಕ್ರೀಟ್ ನೆಲ. 22 ಜನರಲ್ಲಿ ಬಂದದ್ದು ಏಳು. ಆ ಎರಡನೇ ವರ್ಷದ ಹುಡುಗನೂ ಬಂದಿದ್ದ, ನಾನೇ ಫೋನ್ ಮಾಡಿ ಕರೆದಿದ್ದೆ. ಕ್ಯಾಲಿಪರ್ ಬಿಚ್ಚಿ ಅದಲು ಬದಲು ಮಾಡೋಕೆ ಹಿಡಿದದ್ದು ಇಪ್ಪತ್ತು ನಿಮಿಷ. ಹತ್ತು ತಿಂಗಳ ಕೆಲಸವನ್ನು ಮುಳುಗಿಸಿದ್ದು ಇಪ್ಪತ್ತು ನಿಮಿಷದ ಕೆಲಸ ಅಂತ ಯಾರೋ ಹೇಳಿದರು, ಯಾರೂ ನಗಲಿಲ್ಲ. ಆಮೇಲೆ ಬ್ಲೀಡಿಂಗ್. ನಾನು ಪೆಡಲ್ ತುಳಿದು ಹಿಡಿದೆ, ಅವನು ಹಿಂದೆ ಕೂತು ನಿಪ್ಪಲ್ ಸಡಿಲಿಸಿದ. ನಿಪ್ಪಲ್ ಈಗ ಮೇಲಿತ್ತು. ಪಾರದರ್ಶಕ ಟ್ಯೂಬಿನೊಳಗೆ ಮೊದಲು ಎಣ್ಣೆ ಬಂತು, ಆಮೇಲೆ ಒಂದು ಉದ್ದನೆಯ ಗುಳ್ಳೆ, ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ನಿಧಾನವಾಗಿ ಜಾರಿಕೊಂಡು ಹೋಗಿ ಬಾಟಲಿಯಲ್ಲಿ ಒಡೆಯಿತು. "ಅಗದೀ ಆರಾಮ ಕೂತಿತ್ತು ನೋಡ್ರೀ" ಅಂದ ಅವನು. ಪೆಡಲ್ ನನ್ನ ಕಾಲ ಕೆಳಗೆ ಕಲ್ಲಿನ ಹಾಗಾಯಿತು.

ಗಾಡಿ ಓಡಿಸಿದೆವು. ಬ್ರೇಕ್ ತುಳಿದಾಗ ನಾಲ್ಕೂ ಚಕ್ರ ಕಿರುಚಿ ನಿಂತವು. ಇಳಿದು ಹಿಂದೆ ಹೋಗಿ ನೋಡಿದರೆ ಕಾಂಕ್ರೀಟಿನ ಮೇಲೆ ನಾಲ್ಕು ಕಪ್ಪು ಗೆರೆ. ಫೋಟೋ ತೆಗೆದೆವು, ಕಪ್ ಗೆದ್ದವರು ತೆಗೆಯುವ ಹಾಗೆ ಸುತ್ತ ನಿಂತು. ಆಮೇಲೆ ಅಮೃತತುಲ್ಯದಲ್ಲಿ ಚಹಾ, ಕ್ರೀಮ್ ರೋಲ್. ನನ್ನ ವಿದ್ಯಾರ್ಥಿ ಜೀವನದಲ್ಲಿ ನಾನು ನಿಜವಾಗಿ ಎದೆಯುಬ್ಬಿಸಿ ನಡೆದ ದಿನ ಯಾವುದು ಅಂತ ಕೇಳಿದರೆ ಆ ಭಾನುವಾರ.

ಸ್ಪರ್ಧೆಯ ಜಾಗ ಇಲ್ಲವಾದರೆ ಸಿಕ್ಕಿದ ಜಾಗದಲ್ಲಿ ಮಾಡಿ. ಹ್ಯಾಕಥಾನಿನಲ್ಲಿ ಡೆಮೋ ಹೊತ್ತಿಗೆ ಆ್ಯಪ್ ಬಿದ್ದುಹೋಗಿದ್ದರೆ ಅದನ್ನು ಸರಿಮಾಡಿ ಹಾಸ್ಟೆಲಿನ ಮೂರು ಜನರೆದುರು ಅದೇ ಐದು ನಿಮಿಷದ ಡೆಮೋ ಕೊಡಿ. ಗೆರೆ ಹಿಡಿದು ಓಡುವ ಲೈನ್ ಫಾಲೋವರ್ ರೋಬೋ ದಾರಿ ತಪ್ಪಿದ್ದರೆ ನೆಲಕ್ಕೆ ಕಪ್ಪು ಟೇಪ್ ಅಂಟಿಸಿ ಅದೇ ತಿರುವು ಮಾಡಿ. ಒಂದು ತಿಂಗಳೊಳಗೆ ಆಗಬೇಕು. ಆಮೇಲೆ ಯಾರೂ ಬರೋದಿಲ್ಲ, ನೀವೂ ಸೇರಿ.

ಒಂದೇ ಉಸಿರಿನಲ್ಲಿ ಹೇಳೋದನ್ನು ಕಲಿಯಿರಿ

ಈಗ ಮನೆ. ನಮ್ಮಪ್ಪ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ಸ್ಪರ್ಧೆ ಮುಗಿದ ದಿನ ಫೋನ್ ಮಾಡಿ "ಏನಾತಪಾ?" ಅಂದಾಗ ನಾನು "ಟೆಕ್ನಿಕಲ್ ಇಶ್ಯೂ ಆಯಿತು" ಅಂದೆ. ಅವರು "ಹೌದಾ" ಅಂದು ಸುಮ್ಮನಾದರು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಿದ ಅಂಕಲ್‌ಗಳು ಕಪ್ ಬಂತಾ ಅಂತ ಕೇಳಿದಾಗಲೂ ಅದನ್ನೇ ಹೇಳಿದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಟ್ಟಿಯ ಕತೆ. ಹಾಗೆ ಹೇಳಿದಷ್ಟೂ ಒಳಗೊಳಗೇ ಕುಗ್ಗಿದೆ, ಯಾಕೆಂದರೆ ಮುಂದಿನ ಪ್ರಶ್ನೆ ಬಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಭಾನುವಾರದ ಟೆಸ್ಟ್ ಆದ ಮೇಲೆ ಅಪ್ಪನಿಗೆ ನಾನೇ ಫೋನ್ ಮಾಡಿದೆ. "ಅಪ್ಪಾ, ಕ್ಯಾಲಿಪರ್ ಉಲ್ಟಾ ಹಾಕಿದ್ದೆ, ಗಾಳಿ ಒಳಗೇ ಉಳಿದಿತ್ತು. ಇವತ್ತು ಸರಿಮಾಡಿದೆ, ನಾಲ್ಕೂ ನಿಂತವು." ಅವರು ಒಂದು ಗಂಟೆ ಮಾತಾಡಿದರು. ತಾವು ಒಮ್ಮೆ ಅಳತೆ ತಪ್ಪಿ ಒಂದು ಇಡೀ ಲಾಟ್ ಸ್ಕ್ರ್ಯಾಪ್ ಮಾಡಿದ ಕತೆ ಮೊದಲ ಸಲ ಹೇಳಿದರು.

ಆ ವಾಕ್ಯದಲ್ಲಿ ಮೂರು ಭಾಗ ಇದೆ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಆಮೇಲೆ ಏನು ಮಾಡಿದೆ. ನಿಮ್ಮದನ್ನೂ ಹೀಗೆ ಕಟ್ಟಿ, ಜೋರಾಗಿ ಹೇಳಿ ಅಭ್ಯಾಸ ಮಾಡಿ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಇದೇ ಕೆಲಸಕ್ಕೆ ಬರುತ್ತದೆ. ನಾನು ಈಗ ಮೇಜಿನ ಆಚೆ ಕಡೆ ಕೂರುವವನಾಗಿ ಹೇಳುತ್ತೇನೆ: ಕಪ್ ಗೆದ್ದೆವು ಅನ್ನುವ ಹುಡುಗನನ್ನು "ನೀನು ಮಾಡಿದ್ದೇನು?" ಅಂತ ಕೇಳಿದರೆ ಎಷ್ಟೋ ಸಲ ತಡವರಿಸುತ್ತಾನೆ. ಸೋತವನು ಕೆಟ್ಟದ್ದನ್ನು ಬಿಡಿಸಿ ಹೇಳಿದರೆ ಅವನು ಕೈ ಕೊಳೆ ಮಾಡಿಕೊಂಡಿದ್ದಾನೆ ಅಂತ ತಕ್ಷಣ ಗೊತ್ತಾಗುತ್ತದೆ. ಆದರೆ ಟೀಮ್ ಸರಿ ಇರಲಿಲ್ಲ, ಫಂಡ್ ಕೊಡಲಿಲ್ಲ ಅಂತ ಶುರು ಮಾಡಿದಿರೋ, ಎದುರಿಗೆ ಕೂತವರು ನೀರು ಕುಡಿಯೋಕೆ ಶುರು ಮಾಡುತ್ತಾರೆ.

ಸ್ಪಾನ್ಸರ್ ಮಾಡಿದವರಿಗೂ ಇದೇ ಮೂರು ಸಾಲಿನ ಪತ್ರ ಬರೆಯಿರಿ. ಗೆದ್ದಾಗ ಮಾತ್ರ ಪತ್ರ ಬರೆಯುವವರನ್ನು ಅವರು ಬಹಳ ನೋಡಿದ್ದಾರೆ.

ಮುಂದಿನ ವರ್ಷ ಹೋಗಬೇಕಾ?

ಹೋಗಲೇಬೇಕು ಅಂತ ನಾನು ಹೇಳುವುದಿಲ್ಲ. ಬ್ಯಾಕ್‌ಲಾಗ್ ಇದ್ದರೆ, ಮನೆಯಲ್ಲಿ ದುಡ್ಡಿನ ತಾಪತ್ರಯ ಇದ್ದರೆ, ಗೇಟ್ ಪರೀಕ್ಷೆ ಬರೆಯೋದಿದ್ದರೆ ಬಿಡಿ. ಸೇಡು ತೀರಿಸಿಕೊಳ್ಳೋಕೆ ಅಂತ ಹೋಗೋದಂತೂ ಬೇಡ. ಸೋತ ಟೆಸ್ಟನ್ನು ಪಾರ್ಕಿಂಗಿನಲ್ಲೇ ಪಾಸು ಮಾಡಿದ್ದರೆ ನಿಮ್ಮ ಲೆಕ್ಕ ಅರ್ಧ ಚುಕ್ತಾ ಆಗಿದೆ.

ಹೋಗುವವರು ಎರಡು ಉದಾಹರಣೆ ನೆನಪಿಡಿ. 2004ರ ಮಾರ್ಚ್ 13ರಂದು ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಅಲ್ಲಿಯ ರಕ್ಷಣಾ ಸಂಶೋಧನೆಯ ಡಾರ್ಪಾ ಸಂಸ್ಥೆ ಚಾಲಕನಿಲ್ಲದ ಗಾಡಿಗಳ ಸ್ಪರ್ಧೆ ನಡೆಸಿತು. 142 ಮೈಲಿ ದಾರಿ, 10 ಲಕ್ಷ ಡಾಲರ್ ಬಹುಮಾನ. ಒಂದು ಗಾಡಿಯೂ ಮುಗಿಸಲಿಲ್ಲ. ಎಲ್ಲರಿಗಿಂತ ದೂರ ಹೋದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಯಾಂಡ್‌ಸ್ಟಾರ್ಮ್, ಅದೂ 7 ಮೈಲಿ ಚಿಲ್ಲರೆಗೆ ಸಿಕ್ಕಿಹಾಕಿಕೊಂಡಿತು. ಬಹುಮಾನ ಹಾಗೇ ಉಳಿಯಿತು. ಮರುವರ್ಷ ಅಕ್ಟೋಬರಿನಲ್ಲಿ ಐದು ಗಾಡಿ ಪೂರ್ತಿ ದಾರಿ ಮುಗಿಸಿದವು. ಗೆದ್ದದ್ದು ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ. ಎರಡನೇ ಸ್ಥಾನ ಅದೇ ಸ್ಯಾಂಡ್‌ಸ್ಟಾರ್ಮ್‌ಗೆ!

ಇನ್ನೊಂದು ನಮ್ಮದೇ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಬಿದ್ದಾಗ ಎಲ್ಲರೂ ಟಿವಿ ಮುಂದೆ ಇದ್ದೆವು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನೂ ನೋಡಿದೆವು. ನಡುವೆ ಮಾಡಿದ್ದೇನು ಅನ್ನೋದೇ ನಮಗೆ ಬೇಕಾದ ಪಾಠ. ಏನೇನು ಕೈಕೊಡಬಹುದು ಅಂತ ಮೊದಲೇ ಪಟ್ಟಿ ಮಾಡಿ, ಕೈಕೊಟ್ಟರೂ ಇಳಿಯುವ ಹಾಗೆ ವಿನ್ಯಾಸ ಮಾಡಿದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಜಾಸ್ತಿ ಇಟ್ಟರು. ಮೊದಲು ಅರ್ಧ ಕಿ.ಮೀ. ಚೌಕದಲ್ಲಿ ಇಳಿಯಬೇಕು ಅಂತಿದ್ದದ್ದನ್ನು ಸುಮಾರು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಅಂದರೆ ತಪ್ಪೋಕೆ ಜಾಗ ಇಟ್ಟರು. ವಿದ್ಯಾರ್ಥಿ ತಂಡಗಳು ಇದರ ಉಲ್ಟಾ ಮಾಡುತ್ತವೆ. ಸೋತ ಮರುವರ್ಷ ಇನ್ನೂ ಹಗುರ, ಇನ್ನೂ ಹೊಸದು ಅಂತ ಹೊರಡುತ್ತವೆ. ಬೇಡ. ಸೋತ ಟೆಸ್ಟನ್ನು ಸ್ಪರ್ಧೆಗೆ ಒಂದು ತಿಂಗಳು ಮೊದಲೇ ಕಾಲೇಜಿನಲ್ಲಿ ಮಾಡೋಕೆ ಆಗುವ ಹಾಗೆ ವೇಳಾಪಟ್ಟಿಯನ್ನು ಕೊನೆಯ ದಿನದಿಂದ ಶುರುಮಾಡಿ ಹಿಂದಕ್ಕೆ ಬರೆಯಿರಿ.

ನಾವು ಹೋದೆವು. ಬ್ರೇಕ್ ಟೆಸ್ಟ್ ಮೊದಲ ಸಲಕ್ಕೇ ಪಾಸ್. ರೇಸಿನ ಎರಡನೇ ಗಂಟೆಯಲ್ಲಿ ಇಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ದಾಟಿಸುವ ಸಿವಿಟಿ ಬೆಲ್ಟ್ ಸುಟ್ಟು ಹೊಗೆ ಬಂತು, ಗಾಡಿ ನಿಂತಿತು. ಸ್ಥಾನವೇನೂ ಬರಲಿಲ್ಲ. ಆದರೆ ಆ ರಾತ್ರಿ ಯಾರೂ ಯಾರಿಗೂ ಬೈಯಲಿಲ್ಲ, ಸುಟ್ಟ ಬೆಲ್ಟನ್ನು ಕವರಿಗೆ ಹಾಕಿ, ಮೇಲೆ ತಾರೀಖು ಬರೆದು, ಊಟಕ್ಕೆ ಹೋದೆವು.

ಇಷ್ಟರಿಂದಲೂ ಆಗದಿದ್ದರೆ

ಕೆಲವರಿಗೆ ಸ್ಪರ್ಧೆ ಬರೀ ನೆಪ, ಒಳಗಿನ ಭಾರ ಬೇರೆಯದೇ ಇರುತ್ತದೆ. ಎರಡು ವಾರ ಆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೋದೇ ಬೇಡ ಅನಿಸುತ್ತಿದೆ ಅಂದರೆ ಐದು ಯಾಕೆಗಳು ಅದಕ್ಕೆ ಮದ್ದಲ್ಲ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬದುಕೋದೇ ಬೇಡ ಅನ್ನುವ ಯೋಚನೆ ಬಂದಿದ್ದರೆ ಎರಡು ವಾರ ಕಾಯಬೇಡಿ, ಇವತ್ತೇ ಮಾಡಿ. ರೂಮ್‌ಮೇಟ್ ಹೀಗಿದ್ದರೆ ಪಕ್ಕದಲ್ಲಿ ಕೂತು ನೀವೇ ನಂಬರ್ ಒತ್ತಿಕೊಡಿ.

ಜೂನಿಯರ್‌ಗಳಿಗೆ ಒಂದು ಪುಟ

ಕೊನೆಯ ಕೆಲಸ. ನಿಮ್ಮ ಸೋಲನ್ನು ಒಂದೇ ಪುಟದಲ್ಲಿ ಬರೆದು ವರ್ಕ್‌ಶಾಪಿನ ಗೋಡೆಗೆ ಅಂಟಿಸಿ. ಡ್ರೈವ್‌ನಲ್ಲಿ ಹಾಕಿದರೆ ಯಾರೂ ತೆರೆದು ನೋಡೋದಿಲ್ಲ. ನಮ್ಮದರಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ಒಂದೇ ಸಾಲು, ನಿಪ್ಪಲ್ ಮೇಲೆ ಇರಬೇಕು ಅಂತ. ಆ ಎರಡನೇ ವರ್ಷದ ಹುಡುಗ ಮುಂದೆ ಬ್ರೇಕ್ ವಿಭಾಗದ ಮುಖ್ಯಸ್ಥನಾದ, ಅವನ ಕೈಕೆಳಗೆ ಕಲಿತವರು ಈಗ ಗಾಡಿ ಕಟ್ಟುತ್ತಿದ್ದಾರೆ.

ಕಳೆದ ತಿಂಗಳು ಅವರಲ್ಲಿ ಒಬ್ಬಳು ಫೋಟೋ ಕಳಿಸಿದ್ದಳು, ನನ್ನ ಮುಖ ಕಂಡಿಲ್ಲದ ಹುಡುಗಿ. ಹಿಂದಿನ ಕ್ಯಾಲಿಪರ್ ಮೇಲೆ ಬಿಳಿ ಬಣ್ಣದಲ್ಲಿ ಮೇಲ್ಮುಖದ ಬಾಣ, ಪಕ್ಕದಲ್ಲಿ ಮರಾಠಿಯಲ್ಲಿ "ವರ್", ಅಂದರೆ ಮೇಲೆ, ಅಂತ ಬರೆದಿತ್ತು. ಸರಿ ಇದೆಯಾ ಅಂತ ಕೇಳಿದ್ದಳು. ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ನಿಪ್ಪಲ್ ಸರಿ ಇದೆ, ಆದರೆ ಬ್ರೇಕ್ ಹೋಸ್ ಚಕ್ರದ ರಿಮ್ಮಿಗೆ ತಾಗುತ್ತಿದೆ, ಇವತ್ತೇ ಒಂದು ಕ್ಲಿಪ್ ಹಾಕಿ ಎಳೆದು ಕಟ್ಟು ಅಂತ ಉತ್ತರ ಬರೆದೆ.